‘ಕಂಡೋಲೆನ್ಸ್’ ಪದವನ್ನು ತಪ್ಪಿಲ್ಲದೆ ಬಳಸುವುದು ಹೇಗೆ: ಮೂಲದಿಂದ ಸಂದೇಶದವರೆಗೆ ಸಮಗ್ರ ಮಾರ್ಗದರ್ಶಿ

ಇಂಗ್ಲಿಷಿನಲ್ಲಿ ಸಂತಾಪ ಸೂಚಿಸಲು ಹೊರಟವರು ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಒಬ್ಬರು ‘ಹಾರ್ಟಿಯೆಸ್ಟ್ ಕಂಡೋಲೆನ್ಸ್’ ಎಂದು ಬರೆಯುತ್ತಾರೆ. ಇನ್ನೊಬ್ಬರು ‘ಐ ಕಂಡೋಲ್ ಯುವರ್ ಫಾದರ್ಸ್ ಡೆತ್’ ಎನ್ನುತ್ತಾರೆ. ಮತ್ತೊಬ್ಬರು ಯಾವುದಕ್ಕೂ ಧೈರ್ಯ ಸಾಲದೆ ಮೂರಕ್ಷರದ ‘ಆರ್‌ಐಪಿ’ ಹಾಕಿ ಸುಮ್ಮನಾಗುತ್ತಾರೆ. ಇಂಥ ತಪ್ಪುಗಳನ್ನು ಒಂದೊಂದಾಗಿ ತಿದ್ದುತ್ತ ಹೋದರೆ ಮುಗಿಯುವುದಿಲ್ಲ. ಈ ಪದ ಯಾರ ಕಡೆ ಮುಖ ಮಾಡಿ ನಿಂತಿದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಅರ್ಧಕ್ಕಿಂತ ಹೆಚ್ಚು ತಪ್ಪುಗಳು ತಾವಾಗಿಯೇ ಉದುರುತ್ತವೆ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಓದಿ. ನೇರವಾಗಿ ಮಾದರಿ ವಾಕ್ಯಕ್ಕೆ ಹಾರಬೇಡಿ.

## ಶುರುಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ತೀರಿಕೊಂಡವರ ಹೆಸರು, ಅದರ ಸರಿಯಾದ ಇಂಗ್ಲಿಷ್ ಕಾಗುಣಿತ, ಸಂದೇಶ ಪಡೆಯುವವರಿಗೆ ಅವರು ಏನಾಗಬೇಕು ಎಂಬುದು: ಈ ಮೂರು ಖಚಿತವಿರಲಿ. ‘ಅಂಕಲ್’ ಎಂದು ನೀವು ಕರೆಯುತ್ತಿದ್ದವರು ಅವರಿಗೆ ತಂದೆಯೋ, ಮಾವನೋ, ಸೋದರಮಾವನೋ ಎಂದು ವಿಚಾರಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಫಾದರ್, ಫಾದರ್-ಇನ್-ಲಾ, ಅಂಕಲ್ ಬೇರೆ ಬೇರೆ. ಇಲ್ಲಿ ತಪ್ಪಿದರೆ ಬದುಕಿರುವವರನ್ನೇ ಸಾಯಿಸಿದಂತಾಗುತ್ತದೆ.

ಕಲಿಯುವವರಿಗಾಗಿ ಮಾಡಿದ, ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಒಂದು ಬೇಕು. ಬರಿಯ ಅರ್ಥ ಕೊಡುವ ಇಂಗ್ಲಿಷ್-ಕನ್ನಡ ನಿಘಂಟು ಇಲ್ಲಿ ಸಾಲದು. ಪದದ ಹಿಂದೆ ಮುಂದೆ ಏನು ಬರಬೇಕೆಂದು ಅದು ಹೇಳುವುದಿಲ್ಲ. ಫೋನಿನಲ್ಲಿ ಬರೆಯುವುದಾದರೆ ಆಟೊಕರೆಕ್ಟ್ ಆಫ್ ಮಾಡಿಕೊಳ್ಳಿ.

## ಹಂತ 1: ಪದವನ್ನು ಬಿಡಿಸಿ ನೋಡಿ

ಕಂಡೋಲೆನ್ಸ್ ಬಂದದ್ದು ‘ಕಂಡೋಲ್’ ಎಂಬ ಕ್ರಿಯಾಪದದಿಂದ. ಅದರ ಮೂಲ ಲ್ಯಾಟಿನ್ನಿನ ‘ಕೊಂಡೊಲೇರೆ’. ‘ಕೊನ್’ ಎಂದರೆ ಜೊತೆಗೆ, ‘ಡೊಲೇರೆ’ ಎಂದರೆ ನೋಯುವುದು. ಎರಡೂ ಸೇರಿ ‘ಜೊತೆಯಲ್ಲಿ ನೋಯುವುದು’.

ಕಂಡೋಲ್ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದ ಕೊನೆಗೆ, ಕಂಡೋಲೆನ್ಸ್ 1600ರ ಆಸುಪಾಸಿನಲ್ಲಿ. ಆಗ ಅದರ ಅರ್ಥ ಒಳಗಿನ ದುಃಖ ಮಾತ್ರ. ಆಡಿ ಅಥವಾ ಬರೆದು ತೋರಿಸುವ ಸಂತಾಪ ಎಂಬ ಅರ್ಥ ಕೂಡಿಕೊಂಡದ್ದು 17ನೇ ಶತಮಾನದಲ್ಲಿ. ಇಷ್ಟು ಇತಿಹಾಸ ನಮ್ಮ ಕೆಲಸಕ್ಕೆ ಸಾಕು, ಏಕೆಂದರೆ ಮುಂದಿನ ಎರಡು ನಿಯಮಗಳೂ ಇದರಿಂದಲೇ ಹುಟ್ಟುತ್ತವೆ.

ಒಂದು: ಜೊತೆಯಲ್ಲಿ ನೋಯಬೇಕಾದರೆ ನೋಯುತ್ತಿರುವ ಇನ್ನೊಬ್ಬರು ಬೇಕು. ಅವರು ಬದುಕಿರುವವರೇ ಆಗಿರಬೇಕು. ಆದ್ದರಿಂದ ಕಂಡೋಲೆನ್ಸ್ ಸಲ್ಲುವುದು ಉಳಿದವರಿಗೆ. ಹೋದವರಿಗೂ ಅಲ್ಲ, ಸಾವಿಗೂ ಅಲ್ಲ. ಎರಡು: ಒಳಗಿನ ಭಾವವು ಹೊರಗೆ ಹೇಳುವ ಮಾತಾಗಿ ಬದಲಾದ್ದರಿಂದ ಅದನ್ನು ಕಳಿಸಬಹುದು, ತಲುಪಿಸಬಹುದು, ಸ್ವೀಕರಿಸಬಹುದು. ಬಹುವಚನ ಬಂದದ್ದೂ ಈ ಅರ್ಥದಲ್ಲಿಯೇ.

‘ಡೋಲ್’ ಎಂಬ ನೋವಿನ ಬೇರು ಮನಸ್ಸಿನಲ್ಲಿ ನಿಲ್ಲಲು ಅದರ ನೆಂಟರನ್ನು ನೋಡಿ. ಶೋಕ ತುಂಬಿದ ಮುಖಕ್ಕೆ ‘ಡೋಲ್‌ಫುಲ್’ ಎನ್ನುತ್ತಾರೆ. ಸೋಮಾರಿಗೆ ಹೇಳುವ ‘ಇಂಡೊಲೆಂಟ್’ ಕೂಡ ಇದೇ ಮನೆಯದು: ನೋವು ತಟ್ಟದ ಎಂಬುದು ಅದರ ಮೂಲ ಅರ್ಥ, ವೈದ್ಯರು ನೋವಿಲ್ಲದೆ ನಿಧಾನವಾಗಿ ಬೆಳೆಯುವ ಗಡ್ಡೆಗೆ ಈಗಲೂ ಆ ಪದ ಬಳಸುತ್ತಾರೆ.

ಎಚ್ಚರಿಕೆ: ಎರಡು ಪದಗಳು ನೆಂಟರಂತೆ ಕಂಡರೂ ನೆಂಟರಲ್ಲ. ‘ಕನ್ಸೋಲ್’ ಎಂದರೆ ಸಮಾಧಾನಪಡಿಸುವುದು. ಅದರ ಬೇರು ಬೇರೆ. ‘ಕಂಡೋನ್’ ಎಂದರೆ ತಪ್ಪನ್ನು ಕಂಡೂ ಕಾಣದಂತೆ ಬಿಡುವುದು. ‘ಐ ಕಂಡೋನ್ ವಿತ್ ಯು’ ಎಂದು ಬರೆದ ಸಂದೇಶಕ್ಕೆ ಅರ್ಥವೇ ಇರುವುದಿಲ್ಲ.

## ಹಂತ 2: ಈ ಸಂದರ್ಭಕ್ಕೆ ಈ ಪದವೇ ಬೇಕೇ ಎಂದು ತೀರ್ಮಾನಿಸಿ

ಇಂದಿನ ಬಳಕೆಯಲ್ಲಿ ಕಂಡೋಲೆನ್ಸಸ್ ಸಾವಿಗೆ ಮೀಸಲು. ಕಾಯಿಲೆ ಬಿದ್ದವರಿಗೆ, ಕೆಲಸ ಕಳೆದುಕೊಂಡವರಿಗೆ, ಪರೀಕ್ಷೆಯಲ್ಲಿ ನಪಾಸಾದವರಿಗೆ ಕಳಿಸಿದರೆ ಒಂದೋ ಅಪಶಕುನ, ಇಲ್ಲವೇ ವ್ಯಂಗ್ಯ. ಆಸ್ಪತ್ರೆಯಲ್ಲಿರುವವರ ಮನೆಗೆ ಈ ಪದ ಹೋದರೆ ಏನಾಗಬಹುದೆಂದು ವಿವರಿಸಬೇಕಿಲ್ಲ.

ಸಾವಲ್ಲದ ಸಂದರ್ಭಗಳಿಗೆ ‘ಐ ಆಮ್ ಸಾರಿ ಟು ಹಿಯರ್ ದಟ್’ ಎಲ್ಲೆಡೆ ನಡೆಯುತ್ತದೆ. ಪಂದ್ಯ ಸೋತವರಿಗೆ, ಸಂದರ್ಶನದಲ್ಲಿ ಆಯ್ಕೆಯಾಗದವರಿಗೆ ಬ್ರಿಟಿಷರು ‘ಕಮಿಸರೇಷನ್ಸ್’ ಎನ್ನುತ್ತಾರೆ. ಅದು ಹಗುರವಾದ ಮಾತು; ಸಾವಿನ ಮನೆಗೆ ಒಯ್ಯುವಂಥದ್ದಲ್ಲ.

‘ಸಿಂಪತಿ’ ಕಂಡೋಲೆನ್ಸ್‌ಗಿಂತ ವಿಶಾಲ. ಗ್ರೀಕಿನಲ್ಲಿ ‘ಸುನ್’ ಎಂದರೆ ಜೊತೆಗೆ, ‘ಪಾಥೊಸ್’ ಎಂದರೆ ಅನುಭವ, ಯಾತನೆ. ಸಾವಿಗೂ ಬಳಸಬಹುದು, ಬೇರೆ ಕಷ್ಟಕ್ಕೂ ಬಳಸಬಹುದು. ‘ವಿತ್ ಡೀಪೆಸ್ಟ್ ಸಿಂಪತಿ’ ಎಂದು ಸಂದೇಶ ಮುಗಿಸುವುದು ರೂಢಿ. ‘ಎಂಪತಿ’ಯನ್ನು ಮಾತ್ರ ಇಲ್ಲಿಗೆ ಎಳೆದು ತರಬೇಡಿ. ಅದು 1909ರಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಿಚ್ನರ್ ಜರ್ಮನ್ ಪದವೊಂದಕ್ಕೆ ಸಾಟಿಯಾಗಿ ಬಳಕೆಗೆ ತಂದ ಪಾರಿಭಾಷಿಕ ಪದ. ಇನ್ನೊಬ್ಬರ ಭಾವವನ್ನು ಒಳಹೊಕ್ಕು ಅರಿಯುವ ಶಕ್ತಿಯ ಹೆಸರು. ‘ಪ್ಲೀಸ್ ಆಕ್ಸೆಪ್ಟ್ ಮೈ ಎಂಪತಿ’ ಎಂದು ಯಾರೂ ಬರೆಯುವುದಿಲ್ಲ.

‘ಸಾರಿ’ ಬಗ್ಗೆ ಒಂದು ಮಾತು. ನಮ್ಮ ತಪ್ಪೇ ಇಲ್ಲದಿರುವಾಗ ಸಾರಿ ಹೇಳುವುದೇಕೆ ಎಂದು ಹಲವರು ಹಿಂಜರಿಯುತ್ತಾರೆ. ಈ ಪದದ ಹಳೆಯ ಇಂಗ್ಲಿಷ್ ರೂಪಕ್ಕೆ ಸಂಬಂಧ ಇರುವುದು ಹುಣ್ಣು, ನೋವು ಎಂಬ ಅರ್ಥದ ‘ಸೋರ್’ ಜೊತೆಗೆ. ಕ್ಷಮೆಯ ಅರ್ಥ ಅದರ ಒಂದು ಬಳಕೆ ಮಾತ್ರ. ‘ಐ ಆಮ್ ಸಾರಿ ಫಾರ್ ಯುವರ್ ಲಾಸ್’ ಎಂಬಲ್ಲಿ ಯಾರೂ ತಪ್ಪೊಪ್ಪಿಕೊಳ್ಳುತ್ತಿಲ್ಲ. ಎದುರಿಗೆ ನಿಂತು ಮಾತಾಡುವಾಗ ಕಂಡೋಲೆನ್ಸಸ್‌ಗಿಂತ ಇದೇ ಸಹಜ. ಕಂಡೋಲೆನ್ಸಸ್ ಬರವಣಿಗೆಗೆ ಹೆಚ್ಚು ಹೊಂದುತ್ತದೆ.

## ಹಂತ 3: ಕಾಗುಣಿತ, ಉಚ್ಚಾರ, ವಚನ

ಅಕ್ಷರಗಳು ಹತ್ತು: ಸಿ, ಓ, ಎನ್, ಡಿ, ಓ, ಎಲ್, ಇ, ಎನ್, ಸಿ, ಇ. ತಪ್ಪು ಬೀಳುವುದು ಬಾಲದಲ್ಲಿ. ‘ಇ’ ಇರಬೇಕಾದಲ್ಲಿ ‘ಎ’, ಕೊನೆಯ ‘ಸಿ’ ಇರಬೇಕಾದಲ್ಲಿ ‘ಎಸ್’ ಬರೆಯುತ್ತಾರೆ. ‘ಸೈಲೆನ್ಸ್’ ಪದದ ಕೊನೆಯ ಐದು ಅಕ್ಷರಗಳೇ ಇದರ ಕೊನೆಯ ಐದು ಅಕ್ಷರಗಳು ಎಂದು ನೆನಪಿಟ್ಟರೆ ಮತ್ತೆ ತಪ್ಪುವುದಿಲ್ಲ.

ಉಚ್ಚಾರದಲ್ಲಿ ಒತ್ತು ಬೀಳುವುದು ‘ಡೋ’ ಮೇಲೆ. ಮೊದಲಿನ ‘ಕನ್’ ಮತ್ತು ಕೊನೆಯ ‘ಲನ್ಸ್’ ಎರಡನ್ನೂ ಹಗುರವಾಗಿ ಹೇಳಬೇಕು.

ಯಾರಿಗಾದರೂ ಸಂತಾಪ ಹೇಳುವಾಗ ಯಾವಾಗಲೂ ಬಹುವಚನ: ‘ಮೈ ಕಂಡೋಲೆನ್ಸಸ್’. ಫ್ರೆಂಚರೂ ಇಂಥ ಸಂದರ್ಭದಲ್ಲಿ ಬಹುವಚನವನ್ನೇ ಬಳಸುತ್ತಾರೆ. ‘ಎ ಕಂಡೋಲೆನ್ಸ್’ ಎಂದು ಎಣಿಸಬೇಡಿ. ಏಕವಚನ ಉಳಿದಿರುವುದು ಮುಖ್ಯವಾಗಿ ಇನ್ನೊಂದು ನಾಮಪದಕ್ಕೆ ಅಂಟಿಕೊಂಡ ಕಡೆ: ಕಂಡೋಲೆನ್ಸ್ ಮೀಟಿಂಗ್, ಲೆಟರ್ ಆಫ್ ಕಂಡೋಲೆನ್ಸ್, ರಾಷ್ಟ್ರನಾಯಕರು ತೀರಿಕೊಂಡಾಗ ರಾಯಭಾರ ಕಚೇರಿಗಳಲ್ಲಿ ಸಹಿಗೆ ಇಡುವ ಕಂಡೋಲೆನ್ಸ್ ಬುಕ್.

## ಹಂತ 4: ಕ್ರಿಯಾಪದ ಮತ್ತು ಉಪಸರ್ಗ (ಪ್ರಿಪೊಸಿಷನ್)

ಇಲ್ಲಿ ನಿಧಾನಿಸಿ. ಬಹುಪಾಲು ತಪ್ಪುಗಳು ಈ ಹಂತದವು.

ಕನ್ನಡದಲ್ಲಿ ನಾವು ‘ನಿಧನಕ್ಕೆ ಸಂತಾಪ ಸೂಚಿಸಿದರು’ ಎನ್ನುತ್ತೇವೆ. ‘ಕ್ಕೆ’ ಎಂಬ ಪ್ರತ್ಯಯ ಸಾವಿಗೆ ಅಂಟುತ್ತದೆ. ಕನ್ನಡದಲ್ಲಿ ಅದು ಪೂರ್ತಿ ಸರಿ. ಅದನ್ನೇ ಇಂಗ್ಲಿಷಿಗೆ ಹೊತ್ತೊಯ್ದಾಗ ‘ಕಂಡೋಲ್ ದ ಡೆತ್’, ‘ಕಂಡೋಲೆನ್ಸಸ್ ಟು ದ ಡೆತ್’ ಹುಟ್ಟುತ್ತವೆ. ‘ಕಂಡೋಲ್ಸ್ ಡೆತ್’ ಎಂಬ ತಲೆಬರಹ ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ದಿನವೂ ಸಿಗುವುದರಿಂದ ತಪ್ಪು ಇನ್ನಷ್ಟು ಗಟ್ಟಿಯಾಗಿದೆ. ತಲೆಬರಹದಲ್ಲಿ ಜಾಗ ಕಡಿಮೆ, ಅವರ ಅವಸರ ಅವರಿಗೆ. ನೀವು ಬರೆಯುವ ಪತ್ರಕ್ಕೆ ಆ ಇಕ್ಕಟ್ಟಿಲ್ಲ.

ಇಂಗ್ಲಿಷಿನಲ್ಲಿ ಜಾಗಗಳನ್ನು ಹೀಗೆ ಹಂಚಿಕೊಳ್ಳಿ:

- ವ್ಯಕ್ತಿಗೆ ‘ಟು’: ಮೈ ಕಂಡೋಲೆನ್ಸಸ್ ಟು ಯು ಅಂಡ್ ಯುವರ್ ಫ್ಯಾಮಿಲಿ.
- ಸಾವಿಗೆ ‘ಆನ್’: ಮೈ ಕಂಡೋಲೆನ್ಸಸ್ ಆನ್ ದ ಡೆತ್ ಆಫ್ ಯುವರ್ ಮದರ್.
- ‘ಲಾಸ್’ ಎಂಬ ಪದ ಬಂದರೆ ‘ಆನ್’ ಅಥವಾ ‘ಫಾರ್’: ಎರಡೂ ಬಳಕೆಯಲ್ಲಿವೆ.
- ಕಂಡೋಲ್ ಎಂಬ ಕ್ರಿಯಾಪದಕ್ಕೆ ‘ವಿತ್’: ದೇ ಕಂಡೋಲ್ಡ್ ವಿತ್ ಹರ್ ಆನ್ ದ ಡೆತ್ ಆಫ್ ಹರ್ ಹಸ್ಬೆಂಡ್.

ಕೊನೆಯ ಮಾದರಿ ಈಗ ವಿರಳ, ಕೇಳಲು ಸ್ವಲ್ಪ ಬಿಗಿ. ನಿಮ್ಮ ಸ್ವಂತ ಸಂದೇಶದಲ್ಲಿ ಕಂಡೋಲ್ ಕ್ರಿಯಾಪದವನ್ನು ಬಿಟ್ಟುಬಿಡುವುದೇ ಒಳ್ಳೆಯದು. ನಾಮಪದವೊಂದೇ ಎಲ್ಲ ಕೆಲಸ ಮಾಡುತ್ತದೆ.

‘ಆಫ್’ ಬಗ್ಗೆ ಹುಷಾರು. ‘ದ ಕಂಡೋಲೆನ್ಸಸ್ ಆಫ್ ದ ಸ್ಟಾಫ್’ ಎಂದರೆ ಸಿಬ್ಬಂದಿ ಕೊಡುತ್ತಿರುವ ಸಂತಾಪ. ಅಂದರೆ ಆಫ್ ನಂತರ ಬರುವುದು ಹೇಳುವವರು. ‘ಕಂಡೋಲೆನ್ಸಸ್ ಆಫ್ ಯುವರ್ ಫಾದರ್’ ಎಂದು ಬರೆದರೆ ತೀರಿಕೊಂಡ ತಂದೆಯೇ ಸಂತಾಪ ಕಳಿಸಿದಂತೆ ಓದಿಸಿಕೊಳ್ಳುತ್ತದೆ.

ಮುಂದೆ ಕ್ರಿಯಾಪದ. ಆಫರ್, ಸೆಂಡ್, ಎಕ್ಸ್‌ಪ್ರೆಸ್ ಯಾವುದೂ ಆಗಬಹುದು. ‘ಎಕ್ಸ್‌ಟೆಂಡ್’ ಸಂಸ್ಥೆಯ ಪತ್ರಕ್ಕೆ ಹೊಂದುತ್ತದೆ. ಮೂರನೆಯವರ ಮೂಲಕ ತಲುಪಿಸಬೇಕಾದಾಗ ‘ಪ್ಲೀಸ್ ಕನ್ವೇ ಮೈ ಕಂಡೋಲೆನ್ಸಸ್ ಟು ಹರ್’. ನೇರವಾಗಿ ಅವರಿಗೇ ಬರೆಯುವಾಗ ‘ಪ್ಲೀಸ್ ಆಕ್ಸೆಪ್ಟ್ ಮೈ ಕಂಡೋಲೆನ್ಸಸ್’. ‘ವಿಶ್’ ಇಲ್ಲಿ ಬರಲೇಬಾರದು, ಅದು ಹುಟ್ಟುಹಬ್ಬಕ್ಕೆ. ‘ಪೇ’ ಕೂಡ ಬೇಡ. ‘ಪೇ ಟ್ರಿಬ್ಯೂಟ್’, ‘ಪೇ ಲಾಸ್ಟ್ ರೆಸ್ಪೆಕ್ಟ್ಸ್’ ಎಂಬ ಮಾತುಗಳು ಹೋದವರ ಕಡೆ ಮುಖ ಮಾಡಿದವು. ಕಂಡೋಲೆನ್ಸಸ್ ಉಳಿದವರ ಕಡೆ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದಾಗ ‘ಪೇ ಕಂಡೋಲೆನ್ಸಸ್ ಟು ದ ಡಿಪಾರ್ಟೆಡ್ ಸೋಲ್’ ಎಂಬ ಕಲಬೆರಕೆ ತಯಾರಾಗುತ್ತದೆ.

## ಹಂತ 5: ಒಂದೇ ಒಂದು ವಿಶೇಷಣ

ಡೀಪೆಸ್ಟ್, ಹಾರ್ಟ್‌ಫೆಲ್ಟ್, ಸಿನ್ಸಿಯರ್: ಈ ಮೂರರಲ್ಲಿ ಒಂದನ್ನು ಆರಿಸಿ. ಮೂರನ್ನೂ ಪೇರಿಸಿದರೆ ಅಳು ಕೃತಕವಾಗಿ ಕೇಳುತ್ತದೆ.

‘ಹಾರ್ಟಿಯೆಸ್ಟ್’ ಬೇಡವೇ ಬೇಡ. ಹಾರ್ಟಿ ಎಂಬುದರಲ್ಲಿ ಹುರುಪು, ಉಲ್ಲಾಸ, ಹೊಟ್ಟೆ ತುಂಬ ಊಟ ಇವುಗಳ ಧ್ವನಿ ಇದೆ. ಅದು ಅಭಿನಂದನೆಗೆ ಸರಿ. ‘ಹಾರ್ಟ್‌ಲಿ’ ಎಂದು ಬರೆಯುವುದೂ ರೂಢಿಯಾಗಿದೆ, ಅದು ಇಂದಿನ ಪ್ರಮಾಣ ಇಂಗ್ಲಿಷಿನಲ್ಲಿಲ್ಲ. ‘ಹೃತ್ಪೂರ್ವಕ’ ಎಂಬುದನ್ನು ಶುಭಾಶಯಕ್ಕೂ ಶ್ರದ್ಧಾಂಜಲಿಗೂ ಬಳಸುವ ಅಭ್ಯಾಸ ಈ ಎಡವಟ್ಟಿಗೆ ಕಾರಣವಿರಬೇಕು.

## ಹಂತ 6: ಸಾವನ್ನು ಹೆಸರಿಸುವ ಪದ

‘ಡೈಡ್’ ಒರಟು ಪದವಲ್ಲ. ಅಂಜಿಕೆ ಇದ್ದರೆ ‘ಪಾಸ್ಡ್ ಅವೇ’ ಬಳಸಿ. ಅದು ‘ತೀರಿಕೊಂಡರು’ ಎಂಬಷ್ಟು ಮೃದು. ಆದರೆ ‘ಪಾಸ್ಡ್ ಔಟ್’ ಎಂದರೆ ಎಚ್ಚರ ತಪ್ಪಿ ಬಿದ್ದರು ಎಂದರ್ಥ. ಒಂದು ಚಿಕ್ಕ ಪದ ಬದಲಾದರೆ ಸಾವು ಮೂರ್ಛೆಯಾಗುತ್ತದೆ.

‘ಎಕ್ಸ್‌ಪೈರ್ಡ್’ ಭಾರತದ ಇಂಗ್ಲಿಷಿನಲ್ಲಿ ಸಾಮಾನ್ಯ, ಆಸ್ಪತ್ರೆಯ ಕಡತದಲ್ಲೂ ಬರುತ್ತದೆ. ಹೊರಗಿನವರ ಕಿವಿಗೆ ಅದು ಅವಧಿ ಮುಗಿದ ಔಷಧಿ, ಲೈಸೆನ್ಸ್. ‘ಡಿಮೈಸ್’ ಕಚೇರಿ ಪತ್ರದ ಪದ. ಗೆಳೆಯನಿಗೆ ಬರೆಯುವಾಗ ತಣ್ಣಗಿರುತ್ತದೆ. ‘ಸ್ಯಾಡ್ ಡಿಮೈಸ್’ ಎಂಬಲ್ಲಿ ಸ್ಯಾಡ್ ಹೆಚ್ಚಿನದು.

‘ಅನ್‌ಟೈಮ್ಲಿ’ ಹಾಕುವ ಮೊದಲು ವಯಸ್ಸು ಕೇಳಿ. ತೊಂಬತ್ತು ದಾಟಿ ಹೋದವರಿಗೆ ಅದು ಸಲ್ಲದು. ಹಾಗೆಯೇ, ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದವರ ಮನೆಗೆ ‘ಶಾಕ್ಡ್’ ಎಂದು ಬರೆದರೆ ನೀವು ಇಷ್ಟು ದಿನ ವಿಚಾರಿಸಿಯೇ ಇಲ್ಲ ಎಂಬುದು ಬಯಲಾಗುತ್ತದೆ.

‘ಲೇಟ್’ ಪದವನ್ನು ಹೆಸರಿನ ಅಥವಾ ಸಂಬಂಧಸೂಚಕ ಪದದ ಮೊದಲು ಮಾತ್ರ ಬಳಸಬೇಕು. ‘ಹಿ ಈಸ್ ಲೇಟ್’ ಎಂದರೆ ತಡವಾಗಿದ್ದಾರೆ. ಸಂತಾಪ ಸಂದೇಶಕ್ಕಂತೂ ಅದರ ಅಗತ್ಯವಿಲ್ಲ, ‘ಯುವರ್ ಫಾದರ್’ ಸಾಕು.

‘ಆರ್‌ಐಪಿ’ ಲ್ಯಾಟಿನ್ನಿನ ‘ರೆಕ್ವಿಯೆಸ್ಕಾಟ್ ಇನ್ ಪಾಚೆ’ ಎಂಬುದರ ಮೊದಲಕ್ಷರಗಳು. ಇಂಗ್ಲಿಷಿನ ‘ರೆಸ್ಟ್ ಇನ್ ಪೀಸ್’ಗೂ ಅವೇ ಅಕ್ಷರಗಳು ಹೊಂದುತ್ತವೆ. ಅದು ಸತ್ತವರಿಗಾಗಿ ಮಾಡುವ ಕ್ರೈಸ್ತ ಪ್ರಾರ್ಥನೆಯಾಗಿ ಬಂದದ್ದು. ಕುಟುಂಬಕ್ಕೆ ಹೇಳುವ ಮಾತಲ್ಲ. ‘ಆರ್‌ಐಪಿ ಟು ಯುವರ್ ಫ್ಯಾಮಿಲಿ’ ಎಂದು ಬರೆಯುವವರು ಇಡೀ ಕುಟುಂಬವನ್ನೇ ಮಣ್ಣಿಗಿಡುತ್ತಿರುತ್ತಾರೆ.

## ಹಂತ 7: ಸಂದೇಶ ಕಟ್ಟುವುದು

ನಾಲ್ಕೈದು ವಾಕ್ಯ ಸಾಕು. ಫೋನ್ ಸಂದೇಶವಾದರೆ ಎರಡು. ಕ್ರಮ ಮಾತ್ರ ಮುಖ್ಯ.

ಮೊದಲ ವಾಕ್ಯದಲ್ಲಿ ಸುದ್ದಿಯನ್ನು ಹೆಸರಿಸಿ: ‘ಐ ವಾಸ್ ವೆರಿ ಸಾರಿ ಟು ಹಿಯರ್ ಆಫ್ ಯುವರ್ ಮದರ್ಸ್ ಡೆತ್’. ಎರಡನೆಯದರಲ್ಲಿ ಕಂಡೋಲೆನ್ಸಸ್: ‘ಪ್ಲೀಸ್ ಆಕ್ಸೆಪ್ಟ್ ಮೈ ಡೀಪೆಸ್ಟ್ ಕಂಡೋಲೆನ್ಸಸ್’. ಸಾವು ಆಗಲೇ ಹೆಸರಿಸಿ ಆಗಿದೆ, ಆದ್ದರಿಂದ ‘ಆನ್ ದ ಡೆತ್’ ಮತ್ತೆ ಬೇಡ.

ಮೂರನೆಯ ವಾಕ್ಯ ಸಂದೇಶದ ಜೀವ. ತೀರಿಕೊಂಡವರನ್ನು ನೀವು ಬಲ್ಲವರಾಗಿದ್ದರೆ ಅವರ ಒಂದು ಗುಣ, ಒಂದು ಮಾತು, ಒಂದು ಉಪಕಾರವನ್ನು ನೆನೆಯಿರಿ: ‘ಶಿ ಟಾಟ್ ಮೀ ಟು ರೀಡ್ ಅ ಬ್ಯಾಲೆನ್ಸ್ ಶೀಟ್, ಅಂಡ್ ನೆವರ್ ಮೇಡ್ ಮೀ ಫೀಲ್ ಸ್ಲೋ’. ಪರಿಚಯ ಇಲ್ಲದಿದ್ದರೆ ಇದ್ದಂತೆ ನಟಿಸಬೇಡಿ. ‘ಐ ನೆವರ್ ಮೆಟ್ ಹರ್, ಬಟ್ ಐ ನೋ ಹೌ ಮಚ್ ಶಿ ಮೆಂಟ್ ಟು ಯು’ ಎಂದರೆ ಪ್ರಾಮಾಣಿಕ. ಪರೀಕ್ಷೆ ಸುಲಭ: ನಿಮ್ಮ ಸಂದೇಶವನ್ನು ಒಂದಕ್ಷರ ಬದಲಿಸದೆ ಬೇರೆ ಮನೆಗೂ ಕಳಿಸಬಹುದು ಎನಿಸಿದರೆ ಈ ವಾಕ್ಯ ಇನ್ನೂ ಬಂದಿಲ್ಲ.

ನಾಲ್ಕನೆಯದು ನೆರವು, ಕೊಡಲು ಸಾಧ್ಯವಿದ್ದರೆ ಮಾತ್ರ. ‘ಲೆಟ್ ಮೀ ನೋ ಇಫ್ ಯು ನೀಡ್ ಎನಿಥಿಂಗ್’ ಎಂದರೆ ಕೆಲಸ ಹುಡುಕಿ ಕೊಡುವ ಹೊರೆ ದುಃಖದಲ್ಲಿರುವವರ ತಲೆಗೇ ಬೀಳುತ್ತದೆ. ‘ಐ ವಿಲ್ ಹ್ಯಾಂಡಲ್ ಯುವರ್ ರಿಪೋರ್ಟ್ಸ್ ದಿಸ್ ವೀಕ್’ ಎನ್ನಿ. ಮಾಡಲಾಗದ್ದನ್ನು ಬರೆಯಬೇಡಿ.

ಕೊನೆಗೆ ‘ವಿತ್ ಸಿಂಪತಿ’, ಕೆಳಗೆ ಹೆಸರು. ‘ಥ್ಯಾಂಕ್ಸ್ ಅಂಡ್ ರಿಗಾರ್ಡ್ಸ್’ ಬೇಡ. ಇಮೇಲಿನ ಕೆಳಗೆ ತಾನಾಗಿ ಬಂದು ಕೂರುವ ಸಹಿಯಲ್ಲಿ ಕಂಪನಿಯ ಜಾಹೀರಾತೋ ಸ್ಫೂರ್ತಿವಾಕ್ಯವೋ ಇದ್ದರೆ ಅಳಿಸಿ.

## ಹಂತ 8: ಕಳಿಸುವ ಮೊದಲು ಹೊಡೆದು ಹಾಕಬೇಕಾದ ಸಾಲುಗಳು

ಒಮ್ಮೆ ಗಟ್ಟಿಯಾಗಿ ಓದಿ. ‘ಅಟ್ ಲೀಸ್ಟ್’ ಎಂದು ಶುರುವಾಗುವ ವಾಕ್ಯ ಎಲ್ಲೇ ಇದ್ದರೂ ತೆಗೆಯಿರಿ. ‘ತುಂಬು ಬಾಳು ಬಾಳಿದರಲ್ಲ’ ಎಂಬ ಸಮಾಧಾನವನ್ನು ಮನೆಯವರು ತಾವೇ ಹೇಳಿಕೊಳ್ಳಬಹುದು, ಹೊರಗಿನವರು ಹೇಳಿದರೆ ನಷ್ಟವನ್ನು ತೂಗಿ ಕಡಿಮೆ ಮಾಡಿದಂತೆ. ‘ಐ ನೋ ಎಕ್ಸಾಕ್ಟ್‌ಲಿ ಹೌ ಯು ಫೀಲ್’ ಸಹ ಹೋಗಲಿ. ‘ಎವರಿಥಿಂಗ್ ಹ್ಯಾಪನ್ಸ್ ಫಾರ್ ಅ ರೀಸನ್’, ‘ಬಿ ಸ್ಟ್ರಾಂಗ್’ ಇವು ಪಕ್ಕದಲ್ಲಿ ನಿಂತು ಆಡುವ ಮಾತಲ್ಲ, ಮೇಲಿನಿಂದ ಕೊಡುವ ಉಪದೇಶ. ಸಾವಿನ ಕಾರಣ ಕೇಳುವ ಪ್ರಶ್ನೆ ಸಂದೇಶದಲ್ಲಿ ಇರಕೂಡದು. ಆತ್ಮ, ಸ್ವರ್ಗ, ದೇವರ ಇಚ್ಛೆ ಇವುಗಳನ್ನು ಆ ಮನೆಯವರ ನಂಬಿಕೆ ಗೊತ್ತಿದ್ದರಷ್ಟೇ ತನ್ನಿ.

ಆಶ್ಚರ್ಯಸೂಚಕ ಚಿಹ್ನೆ ಒಂದೂ ಉಳಿಯದಿರಲಿ.

## ಹಂತ 9: ಕಳಿಸುವುದು, ಉತ್ತರಿಸುವುದು

ಸುದ್ದಿ ತಿಳಿದ ದಿನವೇ ಕಳಿಸಿ. ತಡವಾಗಿದ್ದರೆ ‘ಬಿಲೇಟೆಡ್ ಕಂಡೋಲೆನ್ಸಸ್’ ಎನ್ನುವ ಬದಲು ‘ಐ ಹ್ಯಾವ್ ಓನ್ಲಿ ಜಸ್ಟ್ ಹರ್ಡ್’ ಎಂದು ಶುರುಮಾಡಿ. ತಡವಾಯಿತೆಂದು ಕಳಿಸದೇ ಬಿಡುವುದಕ್ಕಿಂತ ಅದು ಮೇಲು.

ಇಮೇಲ್ ಆದರೆ ಹೊಸದಾಗಿ ಆರಂಭಿಸಿ. ಹಳೆಯ ಬಿಲ್ ವ್ಯವಹಾರದ ಎಳೆಯಲ್ಲಿ ‘ರಿಪ್ಲೈ’ ಒತ್ತಬೇಡಿ. ವಿಷಯದ ಸಾಲಿನಲ್ಲಿ ‘ವಿತ್ ಸಿಂಪತಿ’ ಸಾಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿಂದಿನವರ ಸಾಲನ್ನೇ ನಕಲಿಸಿ ಹಾಕುವುದಕ್ಕಿಂತ ದುಃಖದಲ್ಲಿರುವವರಿಗೇ ಪ್ರತ್ಯೇಕವಾಗಿ ಎರಡು ವಾಕ್ಯ ಬರೆಯಿರಿ.

ಸಂತಾಪ ನಿಮಗೇ ಬಂದಾಗ ಉತ್ತರ ಚಿಕ್ಕದು: ‘ಥ್ಯಾಂಕ್ ಯು ಫಾರ್ ಯುವರ್ ಕೈಂಡ್ ವರ್ಡ್ಸ್’. ‘ಐ ಆಮ್ ಸಾರಿ ಫಾರ್ ಯುವರ್ ಲಾಸ್’ ಎಂದವರಿಗೆ ‘ಇಟ್ಸ್ ಓಕೆ’ ಎನ್ನಬೇಕಿಲ್ಲ, ‘ಥ್ಯಾಂಕ್ ಯು’ ಸಾಕು. ತಕ್ಷಣ ಉತ್ತರಿಸುವ ಕಟ್ಟುಪಾಡೂ ಇಲ್ಲ. ಸಂತಾಪ ಕಳಿಸಿದವರು ಆ ಉತ್ತರಕ್ಕೆ ಮತ್ತೆ ‘ವೆಲ್ಕಮ್’ ಎಂದು ಬರೆಯದೆ ಅಲ್ಲಿಗೇ ನಿಲ್ಲಿಸಲಿ.